ಆಲ್ಫಾಫೋಲ್ಡ್ ಡೇಟಾಬೇಸ್: ಆಕಾರಕ್ಕಿಂತ ಮೊದಲು ಬಣ್ಣ ನೋಡಿ

ಆಲ್ಫಾಫೋಲ್ಡ್ ಎಂದರೆ ಅಮೈನೋ ಆಮ್ಲಗಳ ಸರಣಿಯಿಂದ ಪ್ರೋಟೀನಿನ ಆಕಾರವನ್ನು ಊಹಿಸುವ ಎಐ ಪ್ರೋಗ್ರಾಂ. ಅದನ್ನು ರೂಪಿಸಿದ ಗೂಗಲ್‌ನ ಡೀಪ್‌ಮೈಂಡ್ ಮತ್ತು ಯುರೋಪಿನ ಜೀವಮಾಹಿತಿ ಸಂಸ್ಥೆ ಇಎಂಬಿಎಲ್-ಇಬಿಐ ಸೇರಿ 2021ರ ಜುಲೈನಲ್ಲಿ ತೆರೆದ ಈ ಡೇಟಾಬೇಸಿನಲ್ಲಿ ಈಗ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆಗಳಿವೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಆಕಾರ ತಿಳಿಯಲೆಂದು ಒಂದೇ ಪ್ರೋಟೀನಿನ ಹರಳು ಬೆಳೆಸಲು ವರ್ಷಗಟ್ಟಲೆ ಹೆಣಗುವವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಪ್ರತಿ ಮಾಡೆಲ್ಲೂ ಸಮನಾಗಿ ಚೆಂದ ಕಾಣುವುದರಿಂದ, ಯಾವ ಭಾಗವನ್ನು ನಂಬಬೇಕೆಂಬುದನ್ನು ನಾವೇ ಓದಿಕೊಳ್ಳಬೇಕು.

ಕ್ಯಾನ್ಸರ್ ಸಂಶೋಧನೆಯ ಪಿ53 ಪ್ರೋಟೀನನ್ನೇ ತೆರೆದು ನೋಡಿ. ಹುಡುಕುವಾಗ ಜೀನಿನ ಹೆಸರಿಗಿಂತ ಯೂನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿಕೋಶದ ಸಂಖ್ಯೆ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಇಲಿಯದ್ದೋ ಮೀನಿನದ್ದೋ ಕೈಗೆ ಬರಬಹುದು. ಮನುಷ್ಯರದ್ದು ಪಿ04637, ಉದ್ದ 393 ಅಮೈನೋ ಆಮ್ಲ. ಡಿಎನ್‌ಎ ಹಿಡಿಯುವ ನಡುಭಾಗ ನೀಲಿಯಾಗಿ ಗಟ್ಟಿಯಾಗಿ ಕಾಣುತ್ತದೆ. ತುದಿಗಳ ಕಡೆ ಹಳದಿ, ಕಿತ್ತಳೆ ಎಳೆಗಳು ಎಲ್ಲೆಂದರಲ್ಲಿ ಚಾಚಿರುತ್ತವೆ. ಈ ಬಣ್ಣಗಳು ಪಿಎಲ್‌ಡಿಡಿಟಿ ಎಂಬ ವಿಶ್ವಾಸದ ಅಂಕ: 90ರ ಮೇಲೆ ಕಡುನೀಲಿ, 70ರಿಂದ 90 ತಿಳಿನೀಲಿ, 50ರಿಂದ 70 ಹಳದಿ, ಅದಕ್ಕೂ ಕೆಳಗೆ ಕಿತ್ತಳೆ. ಕಿತ್ತಳೆ ಎಳೆಗಳಿಗೆ ಹೆಚ್ಚಿನಂಶ ನಿಜವಾಗಿಯೂ ಒಂದು ಸ್ಥಿರ ಆಕಾರವಿರುವುದಿಲ್ಲ. ಅವುಗಳ ವಕ್ರತೆಗೆ ಅರ್ಥ ಹುಡುಕಬೇಡಿ. ಡಾಕಿಂಗ್ (ಔಷಧಿಯಂಥ ಅಣು ಪ್ರೋಟೀನಿನಲ್ಲಿ ಎಲ್ಲಿ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಹುಡುಕುವುದು) ಮಾಡುವುದಾದರೆ ಮೊದಲೇ ಕತ್ತರಿಸಿ ತೆಗೆಯಿರಿ.

ಇನ್ನು ನೀಲಿ ಭಾಗದೊಳಗೇ ಹತ್ತಿರದಿಂದ ನೋಡಿ. 176, 179, 238 ಮತ್ತು 242ನೆಯ ಅಮೈನೋ ಆಮ್ಲಗಳು ಏನನ್ನೋ ಹಿಡಿದಂತೆ ಒಂದಕ್ಕೊಂದು ಮುಖ ಮಾಡಿವೆ. ಅವು ಹಿಡಿಯಬೇಕಾದ ಸತುವಿನ ಅಯಾನು ಮಾತ್ರ ಫೈಲಿನಲ್ಲಿಲ್ಲ, ಡಿಎನ್‌ಎಯೂ ಇಲ್ಲ. ನಾಲ್ಕು ಸರಪಳಿಗಳು ಜೊತೆಗೂಡಿ ಕೆಲಸ ಮಾಡುವ ಪಿ53 ಇಲ್ಲಿ ಒಂಟಿ ಸರಪಳಿಯಾಗಿ ನಿಂತಿದೆ. ರೂಪಾಂತರದಿಂದ 175ನೆಯ ಅಮೈನೋ ಆಮ್ಲ ಆರ್ಜಿನೀನ್ ಬದಲು ಹಿಸ್ಟಿಡೀನ್ ಆದರೆ ಆ ಸತುವಿನ ಹಿಡಿತ ಕೆಟ್ಟು ಪ್ರೋಟೀನಿನ ಮಡಿಕೆಯೇ ಹಾಳಾಗುತ್ತದೆ. ಆದರೆ ಅದೊಂದನ್ನೇ ಬದಲಿಸಿ ಆಲ್ಫಾಫೋಲ್ಡ್‌ನಲ್ಲಿ ಓಡಿಸಿದರೆ ಸಾಮಾನ್ಯವಾಗಿ ಹಳೆಯ ಆಕಾರವೇ ಹೊರಬರುತ್ತದೆ. ಅಂಥ ರೂಪಾಂತರಗಳ ಪರಿಣಾಮ ಹೇಳಲು ಇದು ಮಾಡಿದ್ದಲ್ಲ. 'ಆಕಾರ ಬದಲಾಗಲಿಲ್ಲ, ಆದ್ದರಿಂದ ರೋಗಕ್ಕೆ ಕಾರಣವಲ್ಲ' ಎಂಬ ತೀರ್ಮಾನಕ್ಕೆ ದಯವಿಟ್ಟು ಹೋಗಬೇಡಿ.

ಪುಟದಲ್ಲಿರುವ ಪಿಎಇ ಚೌಕವನ್ನು (ಒಂದು ಭಾಗಕ್ಕೆ ಹೋಲಿಸಿದರೆ ಇನ್ನೊಂದರ ಸ್ಥಾನ ಎಷ್ಟು ತಪ್ಪಿರಬಹುದೆಂಬ ಅಂದಾಜು) ಬಹಳ ಜನ ನೋಡುವುದೇ ಇಲ್ಲ. ಎರಡು ಡೊಮೇನುಗಳ (ತಾವಾಗಿಯೇ ಮಡಚಿಕೊಳ್ಳುವ ಭಾಗಗಳ) ನಡುವಿನ ಜಾಗ ಕಡುಹಸಿರಾಗಿದ್ದರೆ ಅವುಗಳ ಪರಸ್ಪರ ಸ್ಥಾನ ನಂಬಬಹುದು. ಮಾಸಲಾಗಿದ್ದರೆ, ಎರಡೂ ಕಡುನೀಲಿಯಾಗಿದ್ದರೂ, ಅವು ಅಕ್ಕಪಕ್ಕ ಕಾಣುವುದಕ್ಕೆ ಬೆಲೆಯಿಲ್ಲ.

ಡೌನ್‌ಲೋಡ್ ಮಾಡಿದ ಮೇಲೆ ಇನ್ನೊಂದು ತೊಡಕಿದೆ. ಪಿಎಲ್‌ಡಿಡಿಟಿಯನ್ನು ಫೈಲಿನ ಬಿ-ಫ್ಯಾಕ್ಟರ್ ಕಾಲಮ್ಮಿನಲ್ಲಿ ಇಟ್ಟಿದ್ದಾರೆ. ಪ್ರಯೋಗದಿಂದ ಬಂದ ರಚನೆಯಲ್ಲಿ ಅಲ್ಲಿ ದೊಡ್ಡ ಅಂಕಿ ಎಂದರೆ ಅಲುಗಾಟ. ಇಲ್ಲಿ ದೊಡ್ಡ ಅಂಕಿ ಎಂದರೆ ವಿಶ್ವಾಸ. ರಚನೆಗಳನ್ನು ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ಹಳೆಯ ಬಣ್ಣದ ಆದೇಶವನ್ನೇ ಕೊಟ್ಟರೆ ಚಿತ್ರ ಪೂರ್ತಿ ತಲೆಕೆಳಗಾಗಿ ಓದಿಸುತ್ತದೆ. ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್‌ಗೆ (ಹರಳಿನ ಎಕ್ಸ್-ರೇ ದತ್ತಾಂಶ ಬಿಡಿಸಲು ಮಾಡೆಲನ್ನು ಆರಂಭವಾಗಿ ಇಟ್ಟುಕೊಳ್ಳುವ ವಿಧಾನ) ಬಳಸುವವರು ಆ ಅಂಕಿಗಳನ್ನು ಪರಿವರ್ತಿಸಿಕೊಳ್ಳಲೇಬೇಕು.

ಸತು, ಡಿಎನ್‌ಎ, ನಾಲ್ಕು ಸರಪಳಿ ಎಲ್ಲವೂ ಒಟ್ಟಿಗೆ ಬೇಕಾದರೆ 2024ರಲ್ಲಿ ಬಂದ ಆಲ್ಫಾಫೋಲ್ಡ್ 3ರ ಸರ್ವರ್ ಬಳಸಿ. ವಾಣಿಜ್ಯ ಬಳಕೆಗೆ ಅನುಮತಿಯಿಲ್ಲ, ದಿನಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಅಲ್ಲಿ ಮೊದಲು ಐಪಿಟಿಎಂ, ಅಂದರೆ ಸರಪಳಿಗಳ ಜೋಡಣೆಯ ವಿಶ್ವಾಸದ ಅಂಕ, ನೋಡಿ: 0.8 ದಾಟಿದರೆ ಭರವಸೆ ಇಡಬಹುದು, 0.6ಕ್ಕಿಂತ ಕಡಿಮೆಯಾದರೆ ಆ ಜೋಡಣೆ ಬಹುಶಃ ತಪ್ಪು. ನಡುವೆ ಬಂದರೆ ಸೀಡ್ (ಲೆಕ್ಕ ಶುರುವಾಗುವ ಯಾದೃಚ್ಛಿಕ ಸಂಖ್ಯೆ) ಬದಲಿಸಿ ಮತ್ತೆ ಓಡಿಸಿ, ಕೂಡುವ ಜಾಗ ಪ್ರತಿ ಸಲ ಅದೇ ಬರುತ್ತದೆಯೇ ಎಂದು ಹೋಲಿಸಿ.