ಲಾಲ್‌ಬಾಗ್ ಹತ್ತಿರದ ದರ್ಶಿನಿ: ಹಸಿದು ಹೋದರೆ 5 ಸ್ಟಾರ್, ಇಲ್ಲದಿದ್ದರೆ 3

ಪಶ್ಚಿಮ ಗೇಟ್ ಹತ್ತಿರದ ಈ ಪುಟ್ಟ ದರ್ಶಿನಿಗೆ ಎಷ್ಟು ಸ್ಟಾರ್ ಅನ್ನೋದು ನಿಮ್ಮ ಹೊಟ್ಟೆಯ ಮೇಲೆ ನಿಂತಿದೆ. 240 ಎಕರೆಯ ತೋಟ ಸುತ್ತಿ, ಕೆಂಪೇಗೌಡರ ಗೋಪುರದ ಬಂಡೆ ಹತ್ತಿ ಇಳಿದು, ಅಂಗಿ ಬೆವರಿನಲ್ಲಿ ಒದ್ದೆಯಾಗಿರುವಾಗ ಇಲ್ಲಿಯ ಖಾರಾಬಾತ್ ತಿಂದರೆ ಅಬ್ಬಾ, ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿ ಕೂತಿದೆ ಅನ್ನಿಸುತ್ತದೆ. ಮನೆಯಲ್ಲಿ ಆಗಲೇ ದೋಸೆ ಮುಗಿಸಿ ಕಾರಿನಲ್ಲಿ ಬಂದ ನಮ್ಮ ನೆಂಟರು ಅದೇ ತಟ್ಟೆ ನೋಡಿ "ಉಪ್ಪು ಜಾಸ್ತಿ" ಅಂದರು. ಇಬ್ಬರದೂ ನಿಜವೇ. ಬೆವರಿನ ಜೊತೆ ಸೋಡಿಯಂ ಹೋಗಿರುತ್ತದೆ, ಆಗ ಉಪ್ಪು ಹಿತವಾಗುತ್ತದೆ. ಹೊಟ್ಟೆ ಖಾಲಿ ಇದ್ದರೆ ಘ್ರೆಲಿನ್ ಅನ್ನೋ ಹಾರ್ಮೋನ್ ಏರಿ ತಿನ್ನುವ ಆಸೆ ಹೆಚ್ಚಿಸುತ್ತದೆ.

ಆದರೆ ಜೋರಾಗಿ ಓಡಿದ ಕೂಡಲೇ ಬರಬೇಡಿ. ಕಠಿಣ ವ್ಯಾಯಾಮ ಸ್ವಲ್ಪ ಹೊತ್ತು ಘ್ರೆಲಿನ್ ಇಳಿಸಿ ಹಸಿವನ್ನೇ ತಗ್ಗಿಸುತ್ತದೆ, ಆಗ ತುಪ್ಪದ ಘಮವೂ ಬೇಡ ಅನ್ನಿಸಬಹುದು. ಸುಮ್ನೆ ಬಂಡೆ ಮೇಲೆ ಒಂದಿಷ್ಟು ಹೊತ್ತು ಕೂತು ಬನ್ನಿ.

ಕೇಸರಿಬಾತ್ ಒಂದನ್ನೇ ತಗೋಬೇಡಿ. ಒಂದೇ ರುಚಿಗೆ ನಾಲಿಗೆ ಬೇಗ ಸೋಲುತ್ತದೆ, ಹೊಟ್ಟೆಯಲ್ಲಿ ಜಾಗ ಇದ್ದರೂ ಸಾಕು ಅನ್ನಿಸುತ್ತದೆ. ಚೌಚೌಬಾತ್ ಹೇಳಿದರೆ ಖಾರ, ಸಿಹಿ ಬದಲಾಗುತ್ತಾ ತಟ್ಟೆ ಖಾಲಿಯಾಗುವುದೇ ಗೊತ್ತಾಗಲ್ಲ, ಅಲ್ವಾ? ಚಟ್ನಿ ಮಾತ್ರ ನೀರು ನೀರು, ಎಂಥ ಹಸಿವಿಗೂ ಅದು ರುಚಿಸದು. ಕಾಫಿ ಚೆನ್ನಾಗಿದೆ. ನಿಂತೇ ತಿನ್ನಬೇಕು, ಭಾನುವಾರ ಬೆಳಿಗ್ಗೆ ಕ್ಯೂ ಉದ್ದ.