ಲೀಡ್ಸ್ ಮತ್ತು ಡಬ್ಲಿನ್: ಎರಡೂ ಕಡೆ ಓದಿದ ಮೇಲೆ ನನ್ನ ಲೆಕ್ಕ

ವಿದೇಶದಲ್ಲಿ ಮಾಸ್ಟರ್ಸ್ ಮಾಡಬೇಕು, ಪಾಠ ಇಂಗ್ಲಿಷಿನಲ್ಲೇ ಇರಬೇಕು ಅನ್ನುವವರು ಈಗ ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಇಂಗ್ಲೆಂಡಾ, ಐರ್ಲೆಂಡಾ? ಕೆನಡಾ 2024ರಲ್ಲಿ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 2025ರಲ್ಲಿ 2,000 ಆಸ್ಟ್ರೇಲಿಯನ್ ಡಾಲರ್ ಮುಟ್ಟಿತು. ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಗೊಂದಲ ನಿಮಗೇ ಗೊತ್ತು. ಹಾಗಾಗಿ ಒಂದೇ ವರ್ಷಕ್ಕೆ ಮಾಸ್ಟರ್ಸ್ ಮುಗಿಯುವ ಈ ಎರಡು ದೇಶಗಳ ಕಡೆ ಜನ ತಿರುಗಿದ್ದಾರೆ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಾಸ್ಟರ್ಸ್ ಮಾಡಿದೆ, ಆಮೇಲೆ ಪಿಎಚ್‌ಡಿಗೆ ಐರ್ಲೆಂಡಿನ ಡಬ್ಲಿನ್‌ಗೆ ಬಂದೆ. ಓದಿದ್ದು ಬಯೋಟೆಕ್, ಅದೂ ಸಾಲ ಮಾಡಿ. ಈ ಹೋಲಿಕೆ ಸಾಲ ಮಾಡಿ ಹೋಗುವವರಿಗೇ ಅಂದುಕೊಳ್ಳಿ.

ಪಾಠದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡೂ ಕಡೆ ಸೆಪ್ಟೆಂಬರ್‌ನಲ್ಲಿ ಶುರು, ಎರಡು ಸೆಮಿಸ್ಟರ್ ಪಾಠ, ಬೇಸಿಗೆಯಲ್ಲಿ ಪ್ರಾಜೆಕ್ಟ್. ಎರಡೂ ಕಡೆ 70 ಅಂಕ ಬಂದರೆ ಅದೇ ಅತಿ ದೊಡ್ಡ ದರ್ಜೆ. ನಮ್ಮಲ್ಲಿ 90 ತೆಗೆದು ಹೋದವರಿಗೆ ಮೊದಲ ಅಸೈನ್‌ಮೆಂಟಿನಲ್ಲಿ 58 ಬಂದಾಗ ಎದೆ ಒಡೆಯುತ್ತದೆ. ಹೆದರಬೇಡಿ, ಅದು ಅಲ್ಲಿ ಪಾಸಾಗುವ ಅಂಕವೇ. ರ್‍ಯಾಂಕಿಂಗ್ ಪಟ್ಟಿ ತೋರಿಸಿ ಒಂದು ದೇಶದ ಕಡೆ ತಳ್ಳುವ ಕನ್ಸಲ್ಟೆನ್ಸಿಯವರ ಮಾತಿಗೆ ನಾನು ಅಷ್ಟಾಗಿ ಬೆಲೆ ಕೊಡುವುದಿಲ್ಲ. ಸಾಲ ತೀರುವುದೋ ಇಲ್ಲವೋ ಅನ್ನುವುದು ಬೇರೆ ಕಡೆ ತೀರ್ಮಾನ ಆಗುತ್ತದೆ.

ಮೊದಲು ಮನೆ. ಇಲ್ಲಿ ಲೀಡ್ಸ್ ಸುಲಭವಾಗಿ ಗೆಲ್ಲುತ್ತದೆ. ಹೈಡ್ ಪಾರ್ಕ್, ಹೆಡಿಂಗ್ಲಿ ಕಡೆ ಬೀದಿಗೆ ಬೀದಿಯೇ ವಿದ್ಯಾರ್ಥಿಗಳ ಮನೆಗಳು. ನಾಲ್ಕೈದು ಜನ ಸೇರಿ ಒಂದು ಮನೆ ಹಿಡಿದರೆ ತಲೆಗೆ ತಿಂಗಳಿಗೆ 500 ಪೌಂಡ್ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಕ್ಲಾಸಿಗೆ ನಡೆದೇ ಹೋಗಬಹುದು. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಾಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಕೂಡ ಇಲ್ಲ. ಬೇಳೆ, ಅಕ್ಕಿ, ಮಸಾಲೆ ಬೇಕಾದರೆ ಪಕ್ಕದಲ್ಲೇ ಬ್ರಾಡ್‌ಫರ್ಡ್ ಇದೆ.

ಡಬ್ಲಿನ್ ಕಥೆಯೇ ಬೇರೆ. ಊರಲ್ಲಿ ಮನೆಗಳೇ ಸಾಲದು. ಹಂಚಿಕೊಂಡ ಮನೆಯಲ್ಲಿ ಒಂದು ರೂಮು 900 ಯೂರೋ ಒಳಗೆ ಸಿಕ್ಕರೆ ಅದೃಷ್ಟ. ಬಾಡಿಗೆ ಮನೆ ಹುಡುಕುವ ಡಾಫ್ಟ್ ವೆಬ್‌ಸೈಟಿನಲ್ಲಿ ಜಾಹೀರಾತು ಬಂದ ಸ್ವಲ್ಪ ಹೊತ್ತಿಗೇ ರಾಶಿ ಮೆಸೇಜ್ ಬಿದ್ದಿರುತ್ತವೆ, ನಿಮ್ಮದನ್ನು ಯಾರೂ ತೆರೆಯುವುದೇ ಇಲ್ಲ. ನಾನು ಮೊದಲು ಇದ್ದದ್ದು ‘ಡಿಗ್ಸ್’ನಲ್ಲಿ, ಅಂದರೆ ಮಾಲೀಕರ ಮನೆಯಲ್ಲೇ ಒಂದು ಕೋಣೆ. ವಾರಾಂತ್ಯಕ್ಕೆ ಜಾಗ ಖಾಲಿ ಮಾಡಬೇಕು. ಅಡುಗೆಮನೆ ಸಂಜೆ ಸ್ವಲ್ಪ ಹೊತ್ತು ಮಾತ್ರ. ಸಾರು ಕುದಿಸಿದರೆ ಮನೆಯಾಕೆಗೆ ವಾಸನೆ ಹಿಡಿಸುತ್ತಿರಲಿಲ್ಲ. ಮೂರು ವಾರದಲ್ಲಿ ಬಿಡಿ ಅಂದರೆ ಬಿಡಬೇಕು, ಏಕೆಂದರೆ ಐರ್ಲೆಂಡಿನ ಬಾಡಿಗೆದಾರರ ಕಾನೂನಿನ ರಕ್ಷಣೆ ಡಿಗ್ಸ್‌ನಲ್ಲಿ ಇರುವವರಿಗೆ ಇಲ್ಲ. ನಿಜವಾದ ಬಾಡಿಗೆ ಮನೆಗಾದರೆ 2021ರಿಂದ ಒಂದು ನಿಯಮ ಇದೆ: ಒಂದು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಊರಲ್ಲಿ ಕೂತು, ಫೋಟೋ ನೋಡಿ ಡಿಪಾಸಿಟ್ ಕಳಿಸಿ ದುಡ್ಡು ಕಳಕೊಂಡ ಹುಡುಗರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಯೂನಿವರ್ಸಿಟಿಯ ಹಾಸ್ಟೆಲ್ ಸಿಗದಿದ್ದರೆ ಡಬ್ಲಿನ್ ಸೀಟನ್ನು ಒಪ್ಪಿಕೊಳ್ಳುವ ಮುಂಚೆ ಇನ್ನೊಮ್ಮೆ ಯೋಚಿಸಿ. ಐರ್ಲೆಂಡಿನ ಬೇರೆ ಊರುಗಳಾದ ಕಾರ್ಕ್, ಲಿಮೆರಿಕ್, ಗಾಲ್ವೇನಲ್ಲೂ ಮನೆ ಕಷ್ಟವೇ, ಆದರೆ ಬಾಡಿಗೆ ಡಬ್ಲಿನ್‌ಗಿಂತ ಕಮ್ಮಿ.

ಆಸ್ಪತ್ರೆ ವಿಷಯದಲ್ಲೂ ಇಂಗ್ಲೆಂಡೇ ನೆಮ್ಮದಿ. ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್, ವೀಸಾ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಡಾಕ್ಟರ ಬಳಿ ಹೋದರೆ ಫೀಸಿಲ್ಲ. ಐರ್ಲೆಂಡಿನಲ್ಲಿ ಖಾಸಗಿ ವಿಮೆ ನೀವೇ ಮಾಡಿಸಬೇಕು. ಇಷ್ಟಾಗಿಯೂ ಹೊರಗಿನ ಡಾಕ್ಟರ ಹತ್ತಿರ ಒಂದು ಸಲ ಹೋದರೆ ಸುಮಾರು 60 ಯೂರೋ ಹೋಗುತ್ತದೆ.

ಇಲ್ಲಿಯವರೆಗೆ ಓದಿದವರು ಇಂಗ್ಲೆಂಡೇ ಸರಿ ಅನ್ನಬಹುದು, ಅಲ್ವಾ? ದುಡಿಮೆಯ ಲೆಕ್ಕಕ್ಕೆ ಬಂದಾಗ ತಕ್ಕಡಿ ವಾಲುತ್ತದೆ. ಓದುವಾಗ ಎರಡೂ ಕಡೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಇಂಗ್ಲೆಂಡಿನಲ್ಲಿ ಮಾಸ್ಟರ್ಸ್‌ನವರಿಗೆ ಬೇಸಿಗೆಯ ಪ್ರಾಜೆಕ್ಟ್ ಕಾಲವೂ ಓದಿನ ಅವಧಿಯೇ, ಹಾಗಾಗಿ ಆಗಲೂ 20 ಗಂಟೆ. ಐರ್ಲೆಂಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ, ಮತ್ತೆ ಕ್ರಿಸ್‌ಮಸ್ ಸಮಯದ ಒಂದು ತಿಂಗಳು, ವಾರಕ್ಕೆ 40 ಗಂಟೆ ದುಡಿಯಬಹುದು. ಊಟ, ಬಾಡಿಗೆ ದೂಗಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಓದು ಮುಗಿದ ಮೇಲಂತೂ ಅಂತರ ಇನ್ನೂ ದೊಡ್ಡದು. ಓದು ಮುಗಿಸಿದವರು ಉಳಿದು ಕೆಲಸ ಮಾಡಲು ಸಿಗುವ ಇಂಗ್ಲೆಂಡಿನ ಗ್ರಾಜುಯೇಟ್ ವೀಸಾ ಮಾಸ್ಟರ್ಸ್‌ನವರಿಗೆ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ವೀಸಾ ಶುಲ್ಕ ಬಿಟ್ಟು ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್, ಅದೂ ಅಷ್ಟೂ ಅವಧಿಗೆ ಒಟ್ಟಿಗೆ. ಕೆಲಸ ಇಲ್ಲದ ಹೊತ್ತಿನಲ್ಲೇ ಇಷ್ಟು ದುಡ್ಡು ಹೊಂದಿಸಬೇಕು. ಐರ್ಲೆಂಡಿನಲ್ಲಿ ಇದೇ ಥರದ ಅನುಮತಿಗೆ ಸ್ಟ್ಯಾಂಪ್ 1ಜಿ ಅನ್ನುತ್ತಾರೆ; ಅದು ಮಾಸ್ಟರ್ಸ್ ಮುಗಿಸಿದವರಿಗೆ ಒಂದೊಂದು ವರ್ಷದಂತೆ ಎರಡು ವರ್ಷದವರೆಗೆ ಸಿಗುತ್ತದೆ, ನೋಂದಣಿಗೆ ವರ್ಷಕ್ಕೆ 300 ಯೂರೋ.

ಲೀಡ್ಸ್‌ನಲ್ಲಿ ನಾನು ತುಂಬಿದ ಪ್ರತಿ ಅರ್ಜಿಯಲ್ಲೂ ‘ನಿಮಗೆ ಸ್ಪಾನ್ಸರ್‌ಶಿಪ್ ಬೇಕಾ’, ಅಂದರೆ ಕೆಲಸದ ವೀಸಾಕ್ಕೆ ಕಂಪನಿಯೇ ಜವಾಬ್ದಾರಿ ಹೊರಬೇಕಾ, ಅಂತ ಕೇಳುತ್ತಿದ್ದರು. ಹೌದು ಅಂದ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ಈಗ ಅಲ್ಲಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳ 41,700 ಪೌಂಡ್, ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಇದ್ದರೂ 33,400. ಲ್ಯಾಬಿನ ಮೊದಲ ಕೆಲಸಕ್ಕೆ ಅಷ್ಟು ಸಂಬಳ ಲಂಡನ್ ಆಚೆ ಸುಲಭವಾಗಿ ಸಿಗುವುದಿಲ್ಲ. ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪಟ್ಟಿಯಲ್ಲಿ, ಅಂದರೆ ಪರಿಣತರ ಕೊರತೆ ಇರುವ ಕೆಲಸಗಳ ಪಟ್ಟಿಯಲ್ಲಿ, ಸಾಫ್ಟ್‌ವೇರ್, ಎಂಜಿನಿಯರಿಂಗ್, ವಿಜ್ಞಾನದ ಹಲವು ಕೆಲಸಗಳಿವೆ. ಆ ಕೆಲಸಗಳಿಗೆ ಸಿಗುವ ಪರ್ಮಿಟ್ ಮೇಲೆ 21 ತಿಂಗಳು ದುಡಿದರೆ ಸ್ಟ್ಯಾಂಪ್ 4 ಕೇಳಬಹುದು. ಅದು ಸಿಕ್ಕರೆ ಬೇರೆ ಕೆಲಸಕ್ಕೆ ಹೋಗಲು ಹೊಸ ಪರ್ಮಿಟ್ ಬೇಕಿಲ್ಲ. ಗೂಗಲ್, ಮೆಟಾ ಯುರೋಪಿನ ಮುಖ್ಯ ಕಚೇರಿ ಇಟ್ಟಿರುವುದು ಡಬ್ಲಿನ್‌ನಲ್ಲಿ. ಫೈಜರ್‌ನಂಥ ಔಷಧ ಕಂಪನಿಗಳ ಕಾರ್ಖಾನೆಗಳು ಕಾರ್ಕ್ ಸುತ್ತಮುತ್ತ ಇವೆ.

ಹಾಗಂತ ಎಲ್ಲರಿಗೂ ಐರ್ಲೆಂಡ್ ಅನ್ನಲಾರೆ. ಡಿಸೈನ್, ಮಾಧ್ಯಮ, ಇತಿಹಾಸದಂಥ ವಿಷಯಕ್ಕೆ ಇಂಗ್ಲೆಂಡಿನಷ್ಟು ಕೋರ್ಸುಗಳು, ಕೆಲಸದ ಜಾಗಗಳು ಈ ಪುಟ್ಟ ದೇಶದಲ್ಲಿಲ್ಲ. ಮದುವೆಯಾಗಿ ಪಿಎಚ್‌ಡಿಗೆ ಹೋಗುವವರಿಗೂ ಇಂಗ್ಲೆಂಡೇ ವಾಸಿ. 2024ರ ಜನವರಿಯಿಂದ ಪಾಠದ ಮಾಸ್ಟರ್ಸ್‌ಗೆ ಹೋಗುವವರು ಅಲ್ಲಿಗೆ ಕುಟುಂಬ ಕರೆದೊಯ್ಯುವಂತಿಲ್ಲ, ಆದರೆ ಪಿಎಚ್‌ಡಿಯವರಿಗೆ ಈಗಲೂ ಅವಕಾಶ ಇದೆ. ಐರ್ಲೆಂಡಿನಲ್ಲಿ ವಿದ್ಯಾರ್ಥಿಗೆ ಆ ಹಕ್ಕು ಸಾಮಾನ್ಯವಾಗಿ ಇಲ್ಲ.

ನನ್ನ ಚಿಕ್ಕಪ್ಪನ ಮಗಳು ಬಯೋಟೆಕ್‌ನವಳೇ, ಸಾಲದ ಮೇಲೆ ಹೊರಟಿದ್ದಾಳೆ. ಅವಳಿಗೆ ನಾನು ಹೇಳಿದ್ದು: ಕಾರ್ಕ್‌ಗೆ ಹೋಗು. ಹಾಸ್ಟೆಲ್ ಖಚಿತ ಆದ ಮೇಲೆ ಮಾತ್ರ ಫೀಸು ಕಟ್ಟು. ಆಗದಿದ್ದರೆ ಲೀಡ್ಸ್‌ನ ಸೀಟು ಕೈಯಲ್ಲಿರಲಿ.