ಕಾರ್ಡ್ ಮೊದ್ಲು, ರೊಕ್ಕ ಆಮ್ಯಾಲ ಕೊಡೋ ಎಟಿಎಂ: ಕೊಪ್ಪಳದಾಗ ನನ್ನ 8,000 ಹೋತು (5ಕ್ಕ 2 ಸ್ಟಾರ್)

ಬ್ಯಾಂಕಿನ ಹೆಸ್ರು ಹಾಕಂಗಿಲ್ರೀ, ಯಾಕಂದ್ರ ಮೊದಲ್ನೇ ತಪ್ಪು ನಂದ ಐತಿ, ಅದನ್ನ ಮುಚ್ಚಿಟ್ಟು ಬರಿಯಾಕ ಮನಸ್ಸಿಲ್ಲ. ಕೊಪ್ಪಳ ಬಸ್ ಸ್ಟ್ಯಾಂಡಿನಿಂದ ನಡ್ಕೊಂಡ್ ಹೋಗೋವಷ್ಟ್ ದೂರದಾಗ ಇರೋ ಒಂದ್ ಎಟಿಎಂ ಇದು, ಗಾಜಿನ ಬಾಗ್ಲ, ಒಳಗ ಒಂದ ಮಿಷನ್ನು, ಕಾವಲಿಗೆ ಯಾರೂ ಇರಂಗಿಲ್ಲ. ನಾಲ್ಕೈದ್ ವರ್ಷದಿಂದ ಇಲ್ಲೇ ರೊಕ್ಕ ತಗೀತೀನಿ. ಟೈಲರಿಂಗ್ ಮಾಡ್ತೀನಿ, ಊರು ಕುಕನೂರ್ ಕಡಿ, ಲೈನಿಂಗ್ ಬಟ್ಟಿ ದಾರ ಹುಕ್ಕು ತಗೊಳ್ಳಾಕ ತಿಂಗಳಿಗೆ ಎರಡ್ ಸಲ ಕೊಪ್ಪಳಕ್ಕ ಬರೋದು, ಬಂದಾಗ ಸಂಘದ ಕಂತಿಗೆ ಬೇಕಾದ ರೊಕ್ಕ ಇಲ್ಲೇ ತಗೊಂಡ್ ಹೋಗೋದು. ಫೋನ್‌ಪೇ ನನ್ನ ಹತ್ರನೂ ಐತಿ, ಆದ್ರ ನಮ್ಮ ಸಂಘದಾಗ ಈಗ್ಲೂ ನೋಟ ಎಣಿಸಿ ಪುಸ್ತಕದಾಗ ಬರದ್ರನ ಕಂತು ಕಟ್ಟಿದಂಗ.

ಎಳ್ಳಮಾಸಿ ಮುಂದಿನ ವಾರ. ನಾಲ್ಕೂವರಿ ಸಾವಿರ ಕಂತು, ಉಳಿದಿದ್ದು ನನ್ನ ಕೂಡ ಹೊಲಿಗಿ ಮಾಡೋ ಇಬ್ರು ಹುಡುಗ್ಯಾರ ಪಗಾರ, ಒಟ್ಟು 8,000. ಕಾರ್ಡ್ ಹಾಕಿದೆ, ಕನ್ನಡ ಒತ್ತಿದೆ, ಪಿನ್ ಒತ್ತಿದೆ. ಈ ಮಿಷನ್ನಿನ ಪದ್ಧತಿ ಏನಂದ್ರ ಮೊದ್ಲು ಕಾರ್ಡ್ ಹೊರಗ ಬರ್ತೈತಿ, ಆಮ್ಯಾಲ ಚೀಟಿ ಬರ್ತೈತಿ, ಒಳಗ ನೋಟ ಎಣಿಸೋ ಸಪ್ಪಳ ಒಂದ್ ಹತ್ತ್ ಸೆಕೆಂಡ್ ಕೇಳ್ತೈತಿ, ಕೊನಿಗೆ ಕೆಳಗಿನ ಬಾಯಿಂದ ರೊಕ್ಕ ಬರ್ತೈತಿ. ಕಾರ್ಡ್ ಕೈಯಾಗ ಬಂತು, ಚೀಟಿ ಬಂತು, ಅಷ್ಟರಾಗ ಅತ್ತಿ ಫೋನ್ ಬಂತು, "ಎಮ್ಮಿ ಈಯಾಕ್ಹತ್ತೈತಿ, ಮನ್ಯಾಗ ಯಾರೂ ಇಲ್ಲ, ಲಗೂ ಬಾ" ಅಂತ ಅತ್ತಿ ದನಿ ನಡುಗ್ತಿತ್ತು. ಚೊಚ್ಚಲ ಎಮ್ಮಿ, ಕರ ಅಡ್ಡ ಬಂದ್ರ ಡಾಕ್ಟರ್ ಕರೀಬೇಕು, ನನ್ನ ತಲಿ ಪೂರಾ ಅಲ್ಲೇ ಹೋತು. ಅದ ಹೊತ್ತಿಗೆ ಮೆಸೇಜ್ ಟಿಣ್ ಅಂತು, 8,000 ಕಟ್ ಆಗೈತಿ ಅಂತ. ಕಾರ್ಡ್ ಐತಿ, ಚೀಟಿ ಐತಿ, ಮೆಸೇಜ್ ಬಂದೈತಿ, ಕೆಲ್ಸ ಮುಗೀತು ಅಂದ್ಕೊಂಡು ಫೋನ್ ಕಿವಿಗೆ ಹಚ್ಕೊಂಡ ಬಾಗ್ಲ ತಳ್ಕೊಂಡ್ ಹೊರಗ ಬಂದೆ. ನನ್ನ ಹಿಂದ ಇಬ್ರೋ ಮೂವ್ರೋ ನಿಂತಿದ್ರು, ಮುಖ ಕೂಡ ನೋಡ್ಲಿಲ್ಲ.

ಇಲ್ಲೊಂದ್ ಮಾತು ಹೇಳಬೇಕು. ಮೊದ್ಲೆಲ್ಲಾ ಬಸ್ ಹತ್ತಿದ ಕೂಡ್ಲೇ ಟಿಕೆಟಿಗೆ ಪರ್ಸ್ ತಗೀಬೇಕಿತ್ತು, ಈಗ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮ್ಯಾಲ ನಮಗ ಟಿಕೆಟ್ ಫ್ರೀ, ಫೋನಿನ ಕವರಿನಾಗ ಇಟ್ಟಿರೋ ಆಧಾರ್ ಕಾರ್ಡ್ ತೋರಿಸಿದ್ರ ಕಂಡಕ್ಟರ್ ಸೊನ್ನಿ ಟಿಕೆಟ್ ಹರಿದು ಕೊಡ್ತಾರ. ಆ ಯೋಜನೆಯಿಂದ ನನಗ ತಿಂಗಳಿಗೆ ಎಷ್ಟ್ ಉಳಿತಾಯ ಆಗೈತಿ ಅನ್ನೋದು ನನಗ ಗೊತ್ತು, ಅದರ ಬಗ್ಗೆ ಒಂದ್ ಮಾತು ಕೆಟ್ಟದ್ ಹೇಳಂಗಿಲ್ಲ. ಆದ್ರ ಅವತ್ತು ಮೊದಲಿನಂಗ ಟಿಕೆಟಿಗೆ ಪರ್ಸ್ ಬಿಚ್ಚಿದ್ರ ಬಸ್ ಸ್ಟ್ಯಾಂಡಿನ್ಯಾಗ ಗೊತ್ತಾಗ್ತಿತ್ತು, ಓಡಿ ಹೋಗ್ತಿದ್ದೆ. ಬಿಚ್ಚಿದ್ದು ಕುಕನೂರಿಗೆ ಇಳದ್ ಮ್ಯಾಲ, ಈದ ಎಮ್ಮಿಗೆ ತಿನ್ನಿಸಾಕ ಬೆಲ್ಲ ತಗೊಳ್ಳಾಕ ಅಂಗಡಿ ಮುಂದ ನಿಂತಾಗ. ಪರ್ಸಿನ್ಯಾಗ ಕಾರ್ಡ್ ಐತಿ, ಅದರ ಸುತ್ತ ಸುತ್ತಿದ ಚೀಟಿ ಐತಿ, ಎರಡು ಹತ್ತರ ನೋಟ ಐತಿ. ಚೀಟಿ ಬಿಡಿಸಿ ನೋಡಿದೆ, ಮಸುಕ ಅಕ್ಷರದಾಗ 8000 ಅಂತ ಬರದೈತಿ. ಬ್ಲೌಸಿನ್ಯಾಗ ನೋಡಿದೆ, ಬಟ್ಟಿ ಚೀಲ ಸುರುವಿ ಲೈನಿಂಗಿನ ಮಡಿಕಿ ಮಡಿಕಿ ಬಿಚ್ಚಿದೆ. ಅಂಗಡ್ಯಾತ "ಯಾಕ್ರೀ ಅಕ್ಕಾರ" ಅಂದ, ಬಾಯಿಂದ ಮಾತು ಬರ್ಲಿಲ್ಲ. ಆ ಬಾಯಿಂದ ನೋಟ ಹೊರಗ ಬಂದಿದ್ದು ನಾನು ನೋಡೇ ಇಲ್ಲ ಅನ್ನೋದು ಆಗ ನೆನಪಾತು.

ಕಾರ್ಡಿನ ಹಿಂದಿನ ನಂಬರಿಗೆ ಹಚ್ಚಿದೆ. ಕನ್ನಡದಾಗ ಮಾತಾಡಿದ್ರು, ಅದಕ್ಕ ಒಂದ್ ಮಾರ್ಕ್ ಕೊಡಬೇಕು. ಆದ್ರ ಅವ್ರ ಹತ್ರ ಇರೋದು ಒಂದ ಪ್ರಶ್ನಿ, "ಅಕೌಂಟಿಂದ ಕಟ್ ಆಗಿ ಮಿಷನ್ನಿಂದ ಹಣ ಬಂದಿಲ್ವಾ ಮೇಡಂ?" ಬಂದೈತ್ರೀ, ನಾನ ಬಿಟ್ಟ್ ಬಂದೀನಿ ಅಂದ್ರ ಆ ಕಡಿ ಒಂದ್ ಗಳಿಗಿ ಸುಮ್ನಾಗಿ, ಹಂಗಾದ್ರ ಬ್ರ್ಯಾಂಚಿಗೆ ಹೋಗ್ರಿ ಅಂದ್ರು. ಆ್ಯಪಿನ್ಯಾಗೂ ಹಂಗ, ಹಣ ಬಂದಿಲ್ಲ ಅಂತ ದೂರು ಕೊಡಾಕ ಜಾಗ ಐತಿ, ಬಂದಿದ್ದು ಮರತ್ ಬಂದೀನಿ ಅನ್ನೋರಿಗೆ ಜಾಗ ಇಲ್ಲ. ಎಷ್ಟ್ ಮಂದಿ ಮರತ್ ಬರ್ತಾರ, ಒಂದ್ ಸಾಲು ಸೇರಿಸಾಕ ಏನ್ ಕಷ್ಟ ಐತಿ?

ಮನಿಗೆ ಬಂದವ್ರು ಹತ್ತ್ ಮಂದಿ ಹತ್ತ್ ಬುದ್ಧಿ ಹೇಳಿದ್ರು. "ರೊಕ್ಕ ಬರ್ಲೇ ಇಲ್ಲ ಅಂತ ಬರದ್ ಕೊಡವ್ವ, ಐದ್ ದಿನದಾಗ ವಾಪಸ್ ಹಾಕ್ತಾರ, ತಡಾ ಆದ್ರ ದಿನಕ್ಕ ನೂರ್ ರೂಪಾಯಿ ಮ್ಯಾಲ ಕೊಡ್ತಾರ" ಅಂತ ಒಬ್ರು. ಆ ನಿಯಮ ಖರೇನ ಐತಿ, 2019ರಾಗ ಆರ್‌ಬಿಐ ಮಾಡಿದ್ದು, ಆದ್ರ ಅದು ಮಿಷನ್ನಿಂದ ರೊಕ್ಕ ಬರದ ಇದ್ದವ್ರಿಗೆ. ನನಗ ಸುಳ್ಳು ಬರಿಯಾಕ ಮನಸ್ಸು ಬರ್ಲಿಲ್ಲ, ಬರದ್ ಕೊಟ್ಟಿದ್ರೂ ನಡೀತಿರ್ಲಿಲ್ಲ ಅಂತ ಮರುದಿನ ಗೊತ್ತಾತು. ಮಿಷನ್ ಒಳಗ ಪ್ರತಿಯೊಂದ್ ಹೆಜ್ಜಿ ದಾಖಲಿ ಆಗ್ತೈತಿ, ಕಾರ್ಡ್ ಹಾಕಿದ್ದು, ನೋಟ ಎಣಿಸಿದ್ದು, ಬಾಯಿಗೆ ತಂದು ಇಟ್ಟಿದ್ದು, ಯಾರೋ ಎಳಕೊಂಡಿದ್ದು. ಅದಕ್ಕ ಬ್ಯಾಂಕಿನವ್ರು ಇಜೆ (ಎಲೆಕ್ಟ್ರಾನಿಕ್ ಜರ್ನಲ್) ಅಂತಾರ. ಸುಳ್ಳು ಬರದ್ರ ಅದನ್ನ ನೋಡಿ "ಹಣ ಕೊಟ್ಟಾಗಿದೆ" ಅಂತ ದೂರು ಮುಚ್ಚಿ ಹಾಕ್ತಾರ, ಆಮ್ಯಾಲ ಖರೇ ಹೇಳಿದ್ರೂ ಯಾರು ನಂಬ್ತಾರ. ಅದಕ್ಕ ಯಾರಿಗೆ ಹಿಂಗ ಆದ್ರೂ ಅರ್ಜಿಯಾಗ ಚೊಕ್ಕ ಬರೀರಿ, "ಹಣ ಹೊರಗ ಬಂದಿತ್ತು, ನಾನು ತಗೊಳ್ಳದ ಬಂದೀನಿ" ಅಂತ.

ಬ್ರ್ಯಾಂಚಿನ್ಯಾಗ ಮೊದಲ್ನೇ ಟೇಬಲ್ಲಿನವ್ರು ಕುಂದ್ರು ಅನ್ಲಿಲ್ಲ. ಎಲ್ಲಾರ ಮುಂದ ಜೋರಾಗಿ "ನಿಮ್ಮ ತಪ್ಪಿಗೆ ನಾವೇನ್ ಮಾಡೋಣ" ಅಂದ್ರು. ತಪ್ಪು ನಂದು ಅಂತ ನಾನ ಹೇಳೀನಿ, ಇಪ್ಪತ್ತ್ ಮಂದಿಗೆ ಕೇಳೋ ಹಂಗ ತಿರುಗಿ ಹೇಳೋದ್ ಏನಿತ್ತು ಅನ್ನಿಸ್ತು, ಕಣ್ಣಾಗ ನೀರ್ ಬಂತು. ಒಳಗಿದ್ದ ಒಬ್ರು ವಯಸ್ಸಾದ ಕ್ಯಾಶಿಯರ್ ಸಾಹೇಬ್ರು ನೋಡಿ ಕರದ್ರು. ಅವ್ರಿಂದನ ಈ ಎರಡು ಸ್ಟಾರ್. "ಚೀಟಿ ಐತೇನವ್ವಾ?" ಅಂತ ಮೊದ್ಲು ಕೇಳಿದ್ದ ಅದು. ಚೀಟಿ ಮ್ಯಾಲ ಎಟಿಎಂ ನಂಬರ್, ಟೈಮು, ವ್ಯವಹಾರದ ನಂಬರ್ ಎಲ್ಲಾ ಇರ್ತೈತಿ, ಅದನ್ನ ನೋಡಿ ಅರ್ಜಿ ತಾವ ಬರಸಿದ್ರು, ಚೀಟಿ ಅಕ್ಷರ ಅಳಸಿ ಹೋಗ್ತಾವ ಅಂತ ಝೆರಾಕ್ಸ್ ಮಾಡಿಸಿದ್ರು.

ಅವ್ರು ಹೇಳಿದ್ದು ನನಗ ಗೊತ್ತೇ ಇರ್ಲಿಲ್ಲ. ಹಿಂದಕ ಹೆಚ್ಚಿನ ಮಿಷನ್ನು ರೊಕ್ಕ ತಗೊಳ್ಳದಿದ್ರ ಸ್ವಲ್ಪ ಹೊತ್ತಿಗೆ ಅದನ್ನ ಒಳಗ ಎಳ್ಕೊಳ್ತಿದ್ವಂತ. ಮೋಸಗಾರ್ರು ನಡುವಿನ ಕೆಲವ್ ನೋಟ ಅಷ್ಟ ಎಳ್ಕೊಂಡು ಉಳಿದಿದ್ದು ಒಳಗ ಹೋಗಾಕ ಬಿಟ್ಟು, ರೊಕ್ಕ ಬಂದಿಲ್ಲ ಅಂತ ದೂರು ಕೊಡೋದು ಚಾಲೂ ಮಾಡಿದ್ಕ ಬಹಳ ಕಡಿ ಆ ಸವಲತ್ತ ತಗದ್ರು. ಯಾರೋ ನಾಲ್ಕ್ ಮಂದಿ ಮಾಡಿದ ಮೋಸಕ್ಕ ನನ್ನಂಥವ್ರ ರೊಕ್ಕ ಬಾಯಾಗ ಕಚ್ಕೊಂಡ ನಿಂತಿರ್ತೈತಿ, ಹಿಂದ ಬಂದವ್ರ ಕೈಗೆ ಸಿಗ್ತೈತಿ. ಎಳ್ಕೊಳ್ಳೋ ಮಿಷನ್ ಇದ್ರ ಆ ನೋಟ ಬ್ಯಾರೆ ಪೆಟ್ಟಿಗಿಗೆ ಬೀಳ್ತಾವ, ಲೆಕ್ಕ ಮಾಡುವಾಗ ಹೆಚ್ಚಿಗಿ ಬರ್ತೈತಿ, ಅಕೌಂಟಿಗೆ ವಾಪಸ್ ಹಾಕ್ತಾರ. ಅದಕ್ಕ ಲೆಕ್ಕ ಆಗೋ ತನಕ ಆಸೆ ಬಿಡಬ್ಯಾಡ ಅಂದ್ರು. ನಾಲ್ಕ್ ದಿನ ಕಾದೆ. ಲೆಕ್ಕ ಸರಿ ಇತ್ತು, ಒಂದ್ ನೋಟನೂ ಹೆಚ್ಚಿಗಿ ಇರ್ಲಿಲ್ಲ.

ಕ್ಯಾಮೆರಾದಾಗ ಏನೈತಿ ಅಂತ ನಮಗ ತೋರ್ಸಂಗಿಲ್ಲ, ಪೊಲೀಸ್ರು ಪತ್ರ ಕೊಟ್ರ ಅವ್ರಿಗೆ ಕೊಡ್ತಾರ. ಸ್ಟೇಷನ್ನಿಗೆ ನನ್ನ ತಮ್ಮನ್ನ ಕರ್ಕೊಂಡ್ ಹೋದೆ. ಬೈತಾರೇನೋ ಅಂತ ಅಂಜಿಕಿ ಇತ್ತು, ಹಂಗೇನೂ ಆಗ್ಲಿಲ್ಲ. ಬಿದ್ದ ರೊಕ್ಕ ಸಿಕ್ಕಿದ್ದ ನಂದ ಅಂತ ಇಟ್ಕೊಳ್ಳೋದೂ ಅಪರಾಧನ, ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 314ನೇ ಕಲಮಿನ್ಯಾಗ ಬರ್ತೈತಿ ಅಂತ ಅಲ್ಲಿನ ರೈಟರ್ ಹೇಳಿದ್ರು. ಆಮ್ಯಾಲ ವೀಡಿಯೋ ನೋಡಿ ಹೇಳಿದ್ದು ಇಷ್ಟು: ನಾನು ಹೋದ ಬೆನ್ನಿಗೆ ಒಬ್ಬಾಂವ ಒಳಗ ಬಂದಾನ, ತಲಿಗೂ ಮುಖಕ್ಕೂ ಟವಲ್ ಸುತ್ಯಾನ, ನೋಟ ನೋಡಿ ಒಂದ್ ಸಲ ಬಾಗ್ಲ ಕಡಿ ತಿರುಗ್ಯಾನ, ತಗೊಂಡು ತನ್ನ ಕಾರ್ಡ್ ಹಾಕ್ಲಾರ್ದ ಹೊರಗ ಹೋಗ್ಯಾನ. ಕಾರ್ಡ್ ಹಾಕಿದ್ರ ಆ ಟೈಮ್ ಮ್ಯಾಲಿಂದ ಯಾರು ಅಂತ ಬ್ಯಾಂಕಿಗೆ ಹತ್ತ್ ನಿಮಿಷದಾಗ ಗೊತ್ತಾಗ್ತಿತ್ತು. ಅವ ಬಾಗ್ಲ ಕಡಿ ತಿರುಗಿ ನೋಡಿದ್ದು ನನ್ನ ಮನಸಿನ್ಯಾಗ ಕುಂತ್ ಬಿಟ್ಟೈತಿ. ಅಕ್ಕಾ ಅಂತ ಒಂದ್ ಕೂಗು ಹಾಕಿದ್ರ ಸಾಕಿತ್ತು, ನಾನು ಇನ್ನೂ ಆ ಮೆಟ್ಟಿಲ ಮ್ಯಾಲ ಇದ್ದಿರ್ಬೇಕು.

ಈಗ ಮಿಷನ್ ಬಗ್ಗೆ. ಒಳ್ಳೇದು ಮೊದ್ಲು ಹೇಳ್ತೀನಿ: ಇಲ್ಲಿ ರೊಕ್ಕ ಖಾಲಿ ಅನ್ನೋ ಬೋರ್ಡ್ ನಾ ನೋಡಿದ್ದ ಕಮ್ಮಿ, ಗವಿಸಿದ್ದಪ್ಪಜ್ಜನ ಜಾತ್ರಿಗೆ ಲಕ್ಷಾಂತರ ಮಂದಿ ಬರ್ತಾರಲ್ಲ, ಆಗ್ಲೂ ಸಿಕ್ಕೈತಿ. ನೋಟ ಹರಕ್ ಬರಂಗಿಲ್ಲ. ಕೆಟ್ಟದ್ದು, ಕನ್ನಡ ಒತ್ತಿದ್ರೂ ಕೊನಿಗೆ "ಹಣ ತಗೊಳ್ರಿ" ಅನ್ನೋ ಒಂದ್ ಮಾತು ಮಾತ್ರ ಇಂಗ್ಲಿಷಿನ್ಯಾಗ ಸಣ್ಣ ಅಕ್ಷರದಾಗ ಬರ್ತೈತಿ. ಬೀಪ್ ಸಪ್ಪಳ ಕಾರ್ಡಿಗೆ ಜೋರೈತಿ, ರೊಕ್ಕಕ್ಕ ಸಣ್ಣಗೈತಿ, ಹೊರಗ ಬಸ್ಸಿನ ಹಾರ್ನಿನ್ಯಾಗ ಕೇಳೇ ಇಲ್ಲ. ರೊಕ್ಕ ಬರೋ ಬಾಯಿ ಮ್ಯಾಲ ಲೈಟ್ ಐತಿ, ಕೆಟ್ಟು ಎಷ್ಟ್ ದಿನ ಆಗೈತೋ. ಗ್ವಾಡಿಗೆ ಹಚ್ಚಿದ ಸಹಾಯವಾಣಿ ಚೀಟಿ ಹರದು ಕೊನಿ ನಾಲ್ಕ್ ಅಂಕಿ ಇಲ್ಲ. ಒಬ್ಬ ಗಾರ್ಡ್ ಇದ್ದಿದ್ರ ಆ ಟವಲಿನಾಂವಗ ಧೈರ್ಯ ಬರ್ತಿರ್ಲಿಲ್ಲ. ಕಾರ್ಡ್ ಮೊದ್ಲು ಕೊಟ್ರ ಕಾರ್ಡ್ ಮರ್ಯಂಗಿಲ್ಲ ಅನ್ನೋದು ಅವ್ರ ಲೆಕ್ಕ ಇರ್ಬಹುದು, ಆದ್ರ ಕಾರ್ಡ್ ಮರತ್ರ ಬ್ಲಾಕ್ ಮಾಡಿಸಿ ಹೊಸಾದ್ ತಗೋಬಹುದು, ರೊಕ್ಕಕ್ಕ ಬ್ಲಾಕ್ ಇಲ್ಲ. ಕಾರ್ಡ್ ಕೊನೀಗೆ ಬಿಡೋ ಮಿಷನ್ನೂ ಅದಾವ, ಅಂಥಾದ್ರಾಗ ನಾನು ಕಾರ್ಡಿಗಾಗಿ ಆದ್ರೂ ನಿಂತಿರ್ತಿದ್ದೆ, ನಿಂತ್ರ ರೊಕ್ಕ ಕಣ್ಣಿಗೆ ಬೀಳ್ತಿತ್ತು.

ಈ ಎರಡ್ ತಿಂಗಳು ನಮ್ಮೂರಾಗಿನ ಬ್ಯಾಂಕ್ ಮಿತ್ರ ಹುಡುಗನ ಹತ್ರ ತಗೊಳ್ಳಾಕ್ಹತ್ತೀನಿ. ಆಧಾರ್ ನಂಬರ್ ಹೇಳಿ ಹೆಬ್ಬಟ್ಟು ಒತ್ತಿದ್ರ ಒಂದ್ ಸಲಕ್ಕ 10,000 ತನಕ ಕೊಡ್ತಾನ, ನೋಟ ಅವನ ಎಣಿಸಿ ನನ್ನ ಕೈಯಾಗ ಇಡ್ತಾನ, ಎಣಿಸ್ಕೊಳ್ರಿ ಅಕ್ಕಾರ ಅಂತಾನ. ಅದು ನನಗ ಬಹಳ ಹಿಡಿಸೈತಿ. ತೊಂದ್ರಿ ಏನಂದ್ರ ಸೂಜಿ ಕತ್ತರಿ ಹಿಡಿದು ನನ್ನ ಹೆಬ್ಬಟ್ಟಿನ ಗೆರಿ ಸವದಾವ, ಒಮ್ಮೊಮ್ಮೆ ನಾಲ್ಕ್ ಸಲ ಒತ್ತಿದ್ರೂ ತಗೊಳ್ಳಂಗಿಲ್ಲ, ಕರೆಂಟ್ ಹೋದ್ರ ನೆಟ್ಟೂ ಹೋಗ್ತೈತಿ. ಅವಸರ ಇದ್ರ ಮತ್ತ ಅದ ಎಟಿಎಂಗೆ ಹೋಗಬೇಕು. ಹೋದ್ರ ಈಗ ಫೋನ್ ಬಂದ್ ಮಾಡಿ ಒಳಗ ಹೋಗ್ತೀನಿ, ನೋಟ ಎಣಿಸಿ ಚೀಲದಾಗ ಹಾಕಿದ್ ಮ್ಯಾಲ ಚಾಲೂ ಮಾಡ್ತೀನಿ.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಾಗ ಉತ್ತರ ಬರದಿದ್ರ, ಬಂದ ಉತ್ತರ ಸರಿ ಅನ್ನಿಸದಿದ್ರ, ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೀಬಹುದು, ಖರ್ಚಿಲ್ಲ, 14448ಕ್ಕ ಹಚ್ಚಿದ್ರ ಹೆಂಗ ಬರೀಬೇಕು ಹೇಳ್ತಾರ. ನನಗ ಉತ್ತರ 18 ದಿನಕ್ಕ ಬಂತು, "ವ್ಯವಹಾರ ಯಶಸ್ವಿಯಾಗಿದೆ" ಅಂತ ಒಂದ್ ಸಾಲು. ನಾನು ಮುಂದ ಹೋಗ್ಲಿಲ್ಲ, ರೊಕ್ಕ ಬಿಟ್ಟ್ ಬಂದಾಕಿ ನಾನ. ಲೈಟು, ಚೀಟಿ, ಕನ್ನಡದ ಮಾತು, ಈ ಮೂರರ ಬಗ್ಗೆ ಮಾತ್ರ ಮ್ಯಾನೇಜರಿಗೆ ಬ್ಯಾರೆ ಅರ್ಜಿ ಕೊಟ್ಟೀನಿ. ಹೋದ ವಾರ ನೋಡಿದೆ, ಸಹಾಯವಾಣಿ ಚೀಟಿ ಹೊಸಾದ್ ಹಚ್ಯಾರ, ಲೈಟ್ ಇನ್ನೂ ಹಂಗ ಐತಿ.

ಆ ತಿಂಗಳ ಕಂತು ಸಂಘದ ಹೆಣ್ಮಕ್ಕಳ ಕೂಡಿ ಹಾಕಿ ಕಟ್ಟಿದ್ರು, ಪುಸ್ತಕದಾಗ ನನ್ನ ಹೆಸರಿನ ಮುಂದ ಬಾಕಿ ಅಂತ ಬರೀಲಿಲ್ಲ. ವಾರಕ್ಕ 500ರಂಗ ತೀರಸಾಕ್ಹತ್ತೀನಿ, ಇನ್ನ ಎರಡ್ ವಾರದ್ದ ಉಳದೈತಿ. ಎಮ್ಮಿ ಹೆಣ್ಗರ ಹಾಕೈತಿ, ಹಾಲು ಡೇರಿಗೆ ಹಾಕಾಕ್ಹತ್ತೀವಿ.